ಸೈಲೆನ್ಸರ್ ಕಿತ್ತವರ ನೂರು ವರ್ಷದ ಕಥೆ

ನಮ್ಮ ಊರಿನ ವೆಲ್ಡಿಂಗ್ ಶಾಪಿನ ಮುಂದೆ ಒಂದು ಪಿಕಪ್ ಗಾಡಿ ನಿಂತಿತ್ತು. "ಅಣ್ಣ, ಡಬ್ಬ ಎಲ್ಲಾ ಕಿತ್ತು ಸೀದಾ ಪೈಪ್ ಹಾಕಿಬಿಡು. ಗಾಡಿ ಚೆನ್ನಾಗಿ ಎಳೀಲಿ, ಸೌಂಡೂ ಬರ್ಲಿ" ಎಂದು ಗಾಡಿಯ ಹುಡುಗ ಹೇಳುತ್ತಿದ್ದ. ಹೊಸ ಸೈಲೆನ್ಸರಿಗೆ ಷೋರೂಮಿನವರು ಹೇಳಿದ ರೇಟು ಅವನ ಕೈಗೆ ಮೀರಿದ್ದು. ಸೀದಾ ಪೈಪ್ ಆದರೆ ಅರ್ಧ ದಿನದಲ್ಲಿ, ಕಡಿಮೆ ದುಡ್ಡಿನಲ್ಲಿ ಮುಗಿಯುತ್ತದೆ.

ಅವನ ಮಾತು ನಮಗೆ ಹೊಸದು ಅನಿಸಲಿಲ್ಲ. ಪಿಕಪ್ ಗಾಡಿಯ ತವರು ಅಮೆರಿಕ. ಅಲ್ಲಿ ನೂರು ವರ್ಷದಿಂದ ಜನ ಮನೆಯ ಮುಂದೆಯೇ ಗಾಡಿಯ ಹೊಗೆ ಕೊಳವೆಗೆ ಗರಗಸ ಹಾಕುತ್ತಾ ಬಂದಿದ್ದಾರೆ. ಆ ಕಥೆ ಗೊತ್ತಿದ್ದರೆ ನಮ್ಮ ಹುಡುಗನ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂಬುದೂ ಗೊತ್ತಾಗುತ್ತದೆ.

ಮೊದಲು ಸದ್ದಿನ ಜಗಳ

ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಸಣ್ಣ ಪಟ್ಟಣದಲ್ಲಿ ಮಿಲ್ಟನ್ ರೀವ್ಸ್ ಮತ್ತು ಮಾರ್ಷಲ್ ರೀವ್ಸ್ ಎಂಬ ಅಣ್ಣತಮ್ಮಂದಿರಿದ್ದರು. ಅವರದು ರಾಟೆ, ಪುಲ್ಲಿ ತಯಾರಿಸುವ ಕಾರ್ಖಾನೆ. 1896ರಲ್ಲಿ ಅವರು ಒಂದು ಮೋಟಾರು ಗಾಡಿ ಮಾಡಿದರು. ಆಗ ಬೀದಿ ತುಂಬ ಕುದುರೆ ಗಾಡಿಗಳೇ. ಎಂಜಿನ್ನಿನ ಸದ್ದು ಎಲ್ಲರಿಗೂ ತಲೆನೋವಾಯಿತು. 1897ರಲ್ಲಿ ಸದ್ದು ಇಳಿಸುವ ಡಬ್ಬಕ್ಕೆ ಅಣ್ಣತಮ್ಮಂದಿರು ಪೇಟೆಂಟ್ ಪಡೆದರು. ಸೈಲೆನ್ಸರಿನ ಮೊದಲ ಪೇಟೆಂಟುಗಳಲ್ಲಿ ಅದೂ ಒಂದು.

ಡಬ್ಬ ಬಂದ ಬೆನ್ನಿಗೇ ಅದನ್ನು ತಪ್ಪಿಸುವ ದಾರಿಯೂ ಬಂತು. ಅದರ ಹೆಸರು ಕಟೌಟ್. ಡಬ್ಬಕ್ಕಿಂತ ಮುಂಚೆ ಪೈಪಿನಲ್ಲಿ ಒಂದು ಬಾಗಿಲು. ಡ್ರೈವರ್ ಅದನ್ನು ತೆರೆದರೆ ಹೊಗೆ ನೇರ ಹೊರಕ್ಕೆ. ದಿಬ್ಬ ಹತ್ತುವಾಗ ಎಂಜಿನ್ನಿಗೆ ಬಲ ಸಿಗುತ್ತದೆ ಎಂಬ ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ, ಆ ಕಾಲದ ಡಬ್ಬಗಳು ಹೊಗೆಯನ್ನು ಸಾಕಷ್ಟು ತಡೆಯುತ್ತಿದ್ದವು. ಆದರೆ ಊರಿನ ಜನ ನಿದ್ದೆಗೆಟ್ಟರು. ಹಲವು ನಗರಗಳು ಕಟೌಟ್ ತೆರೆದು ಓಡಿಸುವುದನ್ನು ನಿಷೇಧಿಸಿದವು.

1925ರಲ್ಲಿ ಫೋರ್ಡ್ ಕಂಪನಿ ಕಾರ್ಖಾನೆಯಲ್ಲೇ ತಯಾರಾದ ಪಿಕಪ್ಪನ್ನು 281 ಡಾಲರಿಗೆ ಮಾರಿತು. ರೈತರ ಮನೆಗೆ ಗಾಡಿ ಬಂತು, ಗಾಡಿಯ ಜೊತೆ ರಿಪೇರಿಯೂ ಬಂತು. ಹ್ಯಾಕ್ಸಾ ಬ್ಲೇಡು, ಕ್ಲಾಂಪು, ಹಳೆ ಪೈಪಿನ ತುಂಡು ಇದ್ದರೆ ಕೆಲಸ ನಡೆಯುತ್ತಿತ್ತು. ಮುಂದೆ ಹುಡುಗರು ತೂತು ಕೊರೆದ ಪೈಪಿನ ಸುತ್ತ ಗಾಜಿನ ನಾರು ತುಂಬಿದ ಡಬ್ಬ ಹಾಕಿಸತೊಡಗಿದರು. ಹೊಗೆ ಅಡ್ಡಿಯಿಲ್ಲದೆ ನೇರ ಹೋಗುತ್ತದೆ, ಸದ್ದಿನಲ್ಲಿ ಸ್ವಲ್ಪವನ್ನು ಮಾತ್ರ ನಾರು ಹೀರುತ್ತದೆ. ಅಲ್ಲಿಯವರೆಗೆ ಜಗಳ ಸದ್ದಿನದು ಮಾತ್ರ. ಅಕ್ಕಪಕ್ಕದವರ ಬೈಗುಳ ತಿಂದರೆ ಮುಗಿಯಿತು.

ಆಮೇಲೆ ವಿಷದ ಲೆಕ್ಕ

ಲಾಸ್ ಏಂಜಲೀಸ್ ನಗರದಲ್ಲಿ ಕಣ್ಣುರಿಸುವ ಮಬ್ಬು ಕವಿಯುತ್ತಿತ್ತು. 1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ಕಾರಣ ತೋರಿಸಿದರು. ವಾಹನದ ಹೊಗೆಯೂ ಬಿಸಿಲೂ ಸೇರಿ ಆ ಮಬ್ಬು ಹುಟ್ಟುತ್ತಿತ್ತು. ಫ್ರಾನ್ಸಿನಿಂದ ಬಂದಿದ್ದ ಯೂಜೀನ್ ಹೂಡ್ರಿ ಎಂಬ ಎಂಜಿನಿಯರ್ ಅದೇ ದಶಕದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ರೂಪಿಸಿದರು. ನೋಡಲು ಇದೂ ಸೈಲೆನ್ಸರಿನಂಥ ಡಬ್ಬವೇ. ಕೆಲಸ ಬೇರೆ. ಒಳಗೆ ಸವರಿದ ಪ್ಲಾಟಿನಮ್‌ನಂಥ ಲೋಹ ವಿಷಾನಿಲವನ್ನು ಕಡಿಮೆ ಅಪಾಯದ ಅನಿಲವಾಗಿ ಬದಲಿಸುತ್ತದೆ.

ಅಮೆರಿಕದಲ್ಲಿ 1970ರ ಕಾನೂನಿನ ಫಲವಾಗಿ 1975ರ ಮಾದರಿಯ ಹೆಚ್ಚಿನ ಕಾರುಗಳಿಗೆ ಈ ಡಬ್ಬ ಬಂತು. ಸೀಸ ಬೆರೆತ ಪೆಟ್ರೋಲ್ ಹಾಕಿದರೆ ಅದು ಕೆಡುತ್ತಿತ್ತು. ಆದ್ದರಿಂದ ಸೀಸವಿಲ್ಲದ ಪೆಟ್ರೋಲಿನ ನಳಿಕೆ ಮಾತ್ರ ತೂರುವಂತೆ ಟ್ಯಾಂಕಿನ ಬಾಯಿಯನ್ನು ಕಿರಿದು ಮಾಡಿದರು. ಸೀಸದ ಪೆಟ್ರೋಲ್ ಸ್ವಲ್ಪ ಅಗ್ಗ. ಆ ಉಳಿತಾಯಕ್ಕಾಗಿ ಜನ ಮನೆಯಲ್ಲೇ ಟ್ಯಾಂಕಿನ ಬಾಯಿ ಅಗಲ ಮಾಡಿಕೊಂಡರು. ಕೆಲವರು ಕನ್ವರ್ಟರ್ ಕಿತ್ತು ಖಾಲಿ ಪೈಪ್ ಹಾಕಿದರು.

ಕಂಪನಿಗಳೂ ದಾರಿ ಹುಡುಕಿದವು. ಲೋಡು ಸೇರಿ 6,000 ಪೌಂಡಿಗಿಂತ, ಅಂದರೆ ಸುಮಾರು 2,700 ಕಿಲೋಗಿಂತ, ಹೆಚ್ಚು ತೂಗುವ ಪಿಕಪ್ಪಿಗೆ ಆ ನಿಯಮ ಸಡಿಲವಿತ್ತು. ಫೋರ್ಡ್ ಆ ಮಿತಿಯನ್ನು ದಾಟುವಂತೆಯೇ 1975ರ ಮಾದರಿಯಾಗಿ ಎಫ್-150 ತಂದಿತು.

ಕಾನೂನು ಹಿಂದೆಯೇ ಬಂತು. 1977ರಲ್ಲಿ ಗ್ಯಾರೇಜುಗಳು ಈ ಸಾಧನ ಕೀಳುವುದು ಅಪರಾಧವಾಯಿತು. 1990ರಲ್ಲಿ ಗಾಡಿಯ ಮಾಲೀಕನಿಗೂ ಅದೇ ಕಾನೂನು ಅನ್ವಯಿಸಿತು. ತನ್ನ ಅಂಗಳದಲ್ಲಿ, ತನ್ನ ಕೈಯಾರೆ ಕಿತ್ತರೂ ತಪ್ಪೇ.

ಈಗ ಡೀಸೆಲ್ ಗಾಡಿ

2007ರಿಂದ ಅಲ್ಲಿಯ ಹೊಸ ಡೀಸೆಲ್ ಗಾಡಿಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂತು. ಅದನ್ನೂ ಕಿತ್ತರು. ಬೇಕೆಂದೇ ಕಪ್ಪು ಹೊಗೆ ಉಗುಳಿಸುವ ಷೋಕಿಯೂ ಬೆಳೆಯಿತು. 2020ರಲ್ಲಿ ಅಲ್ಲಿಯ ಪರಿಸರ ಇಲಾಖೆ ಲೆಕ್ಕ ಹಾಕಿತು. ಸುಮಾರು ಹತ್ತು ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಲ್ಲಿ ಈ ಸಾಧನಗಳನ್ನು ಕೆಡಿಸಲಾಗಿತ್ತು. ಅವುಗಳಿಂದ ಆದ ಮಾಲಿನ್ಯ, ನಿಯಮದಂತೆ ಇರುವ 90 ಲಕ್ಷ ಹೊಸ ಪಿಕಪ್ಪುಗಳನ್ನು ರಸ್ತೆಗೆ ಇಳಿಸಿದಷ್ಟು.

ಇದೇ ದಾರಿಯಲ್ಲಿ ನಮ್ಮ ದೇಶವೂ ಬಂದಿದೆ. 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲ್ ಬಂತು, 2000ದಲ್ಲಿ ಇಡೀ ದೇಶಕ್ಕೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ. ಆಮೇಲೆ ಬಂದ ಡೀಸೆಲ್ ಪಿಕಪ್ಪಿನ ಅಡಿಯಲ್ಲಿ ಸೈಲೆನ್ಸರಿನ ಜೊತೆ ಮಸಿಯ ಫಿಲ್ಟರ್, ಸೆನ್ಸರುಗಳು ಕೂತಿರುತ್ತವೆ. ಫಿಲ್ಟರ್ ಕಿತ್ತರೆ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಯುತ್ತದೆ. ಮೀಟರಿನಲ್ಲಿ ದೀಪ ಹತ್ತುತ್ತದೆ, ಎಂಜಿನ್ನಿನ ಬಲ ಇಳಿಯಬಹುದು. ಎಳೆತ ಹೆಚ್ಚಲಿ ಎಂದು ಹೋದವನಿಗೆ ಇದ್ದ ಎಳೆತವೂ ಹೋಗುತ್ತದೆ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ, ಸದ್ದು ಮತ್ತು ಹೊಗೆಯ ನಿಯಮ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಉಳಿಸಿದ ದುಡ್ಡು ಒಂದೇ ತಪಾಸಣೆಯಲ್ಲಿ ಕೈಬಿಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪೈಪನ್ನು ಕ್ಯಾಬಿನ್ ಅಡಿಯಲ್ಲೇ ಕತ್ತರಿಸಿ ಬಿಟ್ಟರೆ ಹೊಗೆ ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಸಂತೆಗೆ ಹೋಗುವಾಗ ಸೀಟಿನಲ್ಲಿ ಮಲಗಿದ ಮಗು ಎಚ್ಚರ ತಪ್ಪಿದರೂ ನಿದ್ದೆ ಎಂದೇ ಅನಿಸುತ್ತದೆ.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಮನೆಯಲ್ಲಿ ಮಾಡಬಹುದಾದ್ದು ಏನೂ ಇಲ್ಲವೇ? ಇದೆ. ಎಂಜಿನ್ ತಣ್ಣಗಿರುವಾಗ ಪೈಪಿನ ಜೋಡಣೆಗಳನ್ನು ನೋಡಿ. ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಸೋರುತ್ತಿದೆ ಎಂದರ್ಥ. ಸಡಿಲವಾದ ಕ್ಲಾಂಪು, ಹರಿದ ರಬ್ಬರ್ ಹ್ಯಾಂಗರ್, ಸುಟ್ಟ ಗ್ಯಾಸ್ಕೆಟ್ ಬದಲಿಸಬಹುದು. ತುಕ್ಕು ಹಿಡಿದ ಹಿಂದಿನ ತುದಿಯ ಪೈಪನ್ನು ಅದೇ ಅಳತೆಯಲ್ಲಿ ಹೊಸದಾಗಿ ಹಾಕಿಸಬಹುದು. ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ವೈರ್ ಬಿಚ್ಚಲು ಮರೆಯಬೇಡಿ.

ವೆಲ್ಡಿಂಗ್ ಶಾಪಿನ ಅಣ್ಣ ಗಾಡಿಯ ಅಡಿಗೆ ನುಸುಳಿ ನೋಡಿದ. "ಡಬ್ಬ ಗಟ್ಟಿಯಾಗೈತೆ ತಮ್ಮ. ಹಿಂದಿನ ಪೈಪ್ ತೂತು ಬಿದ್ದೈತೆ ಅಷ್ಟೆ" ಎಂದ. ಒಂದು ತುಂಡು ಪೈಪಿನಲ್ಲಿ ಕೆಲಸ ಮುಗಿಯಿತು. ಹುಡುಗನಿಗೆ ಬೇಕಿದ್ದ ಸೌಂಡ್ ಸಿಗಲಿಲ್ಲ. ಮಾರನೇ ದಿನ ಟೊಮೆಟೊ ಬಾಕ್ಸ್ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಗಾಡಿಯಲ್ಲಿ ಅವನ ಪಕ್ಕ ಅವನ ಅವ್ವ ಕೂತಿದ್ದಳು.