ರಸೀದಿ ಸಿಗದ ಊರಿನಲ್ಲಿ ತಂಗಿದವರು: ವಿಪತ್ತು ಕರ್ತವ್ಯದ ವಸತಿ ವೆಚ್ಚ ಮತ್ತು 2005ರ ಕಾಯ್ದೆ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳಲ್ಲಿ ಗುಡ್ಡ ಕುಸಿದಾಗ ಕೊಡಗಿನ ಶಾಲೆ, ಕಲ್ಯಾಣ ಮಂಟಪಗಳು ಪರಿಹಾರ ಕೇಂದ್ರಗಳಾದವು. ಇಂಥ ಹೊತ್ತಿನಲ್ಲಿ ಕರ್ತವ್ಯದ ಮೇಲೆ ಬಂದ ಹೊರಜಿಲ್ಲೆಯ ನೌಕರರು ಎಲ್ಲಿ ತಂಗಬೇಕು, ಆ ಖರ್ಚು ಯಾರ ಲೆಕ್ಕಕ್ಕೆ ಎಂಬುದು ಈ ಲೇಖನದ ಪ್ರಶ್ನೆ.

ಬೆಂಗಳೂರಿನ ಸಿದ್ದಾಪುರದಿಂದ ಹೊರಟ ಒಬ್ಬ ಆರೋಗ್ಯ ಸಹಾಯಕನನ್ನು ಊಹಿಸಿಕೊಳ್ಳೋಣ. ಅವನು ಹೋಗಬೇಕಾದದ್ದು 2019ರ ಆಗಸ್ಟ್‌ನಲ್ಲಿ ಕಾವೇರಿ ನುಗ್ಗಿದ ಕರಡಿಗೋಡಿಗೆ, ಅಂದರೆ ಕೊಡಗಿನ ಸಿದ್ದಾಪುರಕ್ಕೆ. (ಹೊರಟ ಊರು, ತಲುಪಿದ ಊರು ಎರಡಕ್ಕೂ ಒಂದೇ ಹೆಸರಿರುವ ಪ್ರಯಾಣ ಭತ್ಯೆ, ಅಂದರೆ ಟಿ.ಎ. ಬಿಲ್ಲಿಗೆ ಮೊದಲ ಆಕ್ಷೇಪಣೆ ಅಲ್ಲೇ ಬಿದ್ದರೂ ಆಶ್ಚರ್ಯವಿಲ್ಲ.) ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಫೋನ್‌ಪೇ ನಡೆಯುವುದಿಲ್ಲ. ಹೋಂಸ್ಟೇ ಮಾಲೀಕರು ನಗದು ಪಡೆದು ಹಾಳೆಯೊಂದರಲ್ಲಿ ಮೊತ್ತ ಬರೆದು ಸಹಿ ಹಾಕಿಕೊಡುತ್ತಾರೆ. ಖಜಾನೆಯ ಕಣ್ಣಿಗೆ ಅದು ಬರೀ ಚೀಟಿ.

ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾನದಂಡಗಳಲ್ಲಿ ಪರಿಹಾರ ಕೇಂದ್ರದ ಸಂತ್ರಸ್ತರ ತಾತ್ಕಾಲಿಕ ವಸತಿ, ಊಟಕ್ಕೆ ಪ್ರತ್ಯೇಕ ಬಾಬ್ತು ಇದೆ. ಶೋಧ ಮತ್ತು ರಕ್ಷಣೆಯ ವಾಸ್ತವ ವೆಚ್ಚಕ್ಕೂ ಅವಕಾಶವಿದೆ. ನೌಕರನ ಬಾಡಿಗೆಯನ್ನು ಅದರಡಿ ತರಬಹುದೆಂದು ವಾದಿಸಲು ಸಾಧ್ಯ. ಆದರೆ ವಾದದ ಬಲದ ಮೇಲೆ ಬಿಲ್ಲು ಪಾಸಾಗುವುದಿಲ್ಲ. ಹಾಗಾಗಿ ಹೊರೆ ಮಾಮೂಲಿ ಪ್ರಯಾಣ ಭತ್ಯೆಯ ನಿಯಮಗಳ ಮೇಲೇ ಬೀಳುತ್ತದೆ. ಗುತ್ತಿಗೆ ನೌಕರರು, ದಿನದ ಭತ್ಯೆಗೆ ದುಡಿಯುವ ಗೃಹರಕ್ಷಕರು ಆ ನಿಯಮಗಳ ನೆರಳಿಗೂ ಪೂರ್ತಿ ಬರುವುದಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 50ನೇ ಕಲಂ ತುರ್ತು ಖರೀದಿಗೆ ಟೆಂಡರನ್ನು ಮನ್ನಾ ಮಾಡಿ, ಅಧಿಕೃತ ಅಧಿಕಾರಿಯ ಬಳಕೆ ಪ್ರಮಾಣಪತ್ರವನ್ನೇ ವೋಚರೆಂದು ಒಪ್ಪುತ್ತದೆ. ಆದರೆ ಆ ಪ್ರಮಾಣಪತ್ರ ಅನ್ವಯಿಸುವುದು ಸಾಮಗ್ರಿ, ಸರಬರಾಜುಗಳಿಗೆ ಮಾತ್ರ. 2ನೇ ಕಲಮಿನ ‘ಸಂಪನ್ಮೂಲ’ದ ವ್ಯಾಖ್ಯೆಯಲ್ಲಿ ಮಾನವಶಕ್ತಿಯೂ ಸೇವೆಯೂ ಸೇರಿವೆ, ಪ್ರಮಾಣಪತ್ರದ ಸಾಲಿಗೆ ಬರುವಾಗ ಅವೆರಡೂ ಬಿಟ್ಟುಹೋಗಿವೆ. ಕಂಬಳಿ ಕೊಂಡರೆ ಅಧಿಕಾರಿಯ ಸಹಿ ಸಾಕು, ಕಂಬಳಿ ಹಂಚಿದವನು ಮಲಗಿದ ಕೋಣೆಗೆ ಸಾಲದು.

ಈ ಹೊರೆ ನೌಕರನ ಮೇಲೆ ಬೀಳದಂತೆ ಮಾಡುವ ಮಾದರಿ ಹೊರಗಿದೆ. ಅಮೆರಿಕದಲ್ಲಿ 1996ರಲ್ಲಿ ಕಾಂಗ್ರೆಸ್ಸಿನ ಒಪ್ಪಿಗೆ ಪಡೆದ ತುರ್ತು ನೆರವಿನ ಅಂತರರಾಜ್ಯ ಒಪ್ಪಂದದ ಪ್ರಕಾರ, ಕಳುಹಿಸಿದ ರಾಜ್ಯದ ವೆಚ್ಚವನ್ನು ನೆರವು ಪಡೆದ ರಾಜ್ಯ ಭರಿಸಬೇಕು. ಲೆಕ್ಕ ಸರ್ಕಾರಗಳ ನಡುವೆ ತೀರುತ್ತದೆ.

ನಮ್ಮಲ್ಲಿ ಅದಕ್ಕಿಂತ ಹತ್ತಿರದ ದಾರಿ ಅದೇ 2005ರ ಕಾಯ್ದೆಯ 65 ಮತ್ತು 66ನೇ ಕಲಂಗಳಲ್ಲೇ ಇದೆ. ರಕ್ಷಣಾ ಕಾರ್ಯಕ್ಕೆ ಬೇಕಾದ ಕಟ್ಟಡವನ್ನು ಜಿಲ್ಲಾ ಪ್ರಾಧಿಕಾರ ವಶಕ್ಕೆ ಪಡೆಯಬಹುದು. ಆ ಕಟ್ಟಡಕ್ಕೆ ಬಾಡಿಗೆಯೇ ಇಲ್ಲದಿದ್ದರೆ ಆ ಪ್ರದೇಶದ ಅಂಥದೇ ಕಟ್ಟಡದ ಬಾಡಿಗೆ ಆಧಾರವಾಗುತ್ತದೆ. ರಕ್ಷಕರ ವಸತಿಯೂ ರಕ್ಷಣಾ ಕಾರ್ಯದ ಭಾಗವೆಂದು ಓದಿಕೊಂಡರೆ, ಮಾಲೀಕರಿಗೆ ಸರ್ಕಾರವೇ ನೇರ ಪಾವತಿಸುತ್ತದೆ; ನೌಕರ ಸರ್ಕಾರಕ್ಕೆ ಸಾಲ ಕೊಟ್ಟು ಕಾಯಬೇಕಿಲ್ಲ. ಮರುಪಾವತಿಯ ನಿಯಮವನ್ನು ತಿದ್ದುವುದಕ್ಕಿಂತ ಮರುಪಾವತಿಯ ಅಗತ್ಯವನ್ನೇ ತಪ್ಪಿಸುವುದು ಲೇಸೆಂಬುದು ನನ್ನ ನಿಲುವು. ಮೊತ್ತ ಕಡಿಮೆಯೆನಿಸಿದರೆ ಮಾಲೀಕರು 30 ದಿನಗಳೊಳಗೆ ಮಧ್ಯಸ್ಥಿಕೆ ಕೋರಬಹುದು. ಟಿ.ಎ. ಬಿಲ್ಲು ವಾಪಸಾದ ನೌಕರನಿಗೆ ಈ ಕಾಯ್ದೆಯಲ್ಲಿ ಅಂಥ ಬಾಗಿಲಿಲ್ಲ.