ಆವರಣದ ಹಸಿರು: ಕರ್ನಾಟಕದ ವಿಶ್ವವಿದ್ಯಾಲಯಗಳ ಪರಿಸರ ಪ್ರಯತ್ನಗಳ ಸಮೀಕ್ಷೆ

ವಿಶ್ವವಿದ್ಯಾಲಯದ ಆವರಣವನ್ನು ಪರಿಸರಕ್ಕೆ ಹೊರೆಯಾಗದಂತೆ ನಡೆಸುವ ಚಿಂತನೆಯು 1990ರಲ್ಲಿ ಫ್ರಾನ್ಸಿನ ತಾಲ್ವಾರ್ ಎಂಬ ಊರಿನಲ್ಲಿ ಕುಲಪತಿಗಳು ಹೊರಡಿಸಿದ ಘೋಷಣೆಯಿಂದ ಹುಟ್ಟಿ, ಮೌಲ್ಯಾಂಕನದ ಪ್ರಶ್ನಾವಳಿಗಳ ಮೂಲಕ ಇಲ್ಲಿಗೆ ಬಂದಿತೆಂಬ ನಿರೂಪಣೆ ಈಚೆಗೆ ರೂಢಿಯಾಗಿದ್ದು, ಅದರಲ್ಲಿ ಬೆಂಗಳೂರಿನ 1970ರ ದಶಕಕ್ಕೆ ಎಡೆಯೇ ಇಲ್ಲ.

ಮೊದಲ ಹಂತ ಮರ ನೆಡುವಿಕೆಯದು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಸಾಲುಮರಗಳಲ್ಲಾಗಲಿ, ಕುವೆಂಪು ಅವರ ಕನಸಿನಂತೆ ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ ರೂಪುಗೊಂಡ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಾಗಲಿ ನೆರಳು ಮತ್ತು ಚೆಲುವುಗಳೇ ಗುರಿಯಾಗಿದ್ದುವು. ನೀರು, ಇಂಧನಗಳ ಲೆಕ್ಕಾಚಾರ ಇನ್ನೂ ದೂರವಿತ್ತು.

ಆ ಲೆಕ್ಕಾಚಾರವನ್ನು ಆರಂಭಿಸಿದ್ದು 1974ರಲ್ಲಿ ಅಮೂಲ್ಯ ರೆಡ್ಡಿ ಅವರು ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ‘ಅಸ್ತ್ರ’, ಅಂದರೆ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ವಿಭಾಗ. ಹೊಗೆಯನ್ನು ಹೊರಕ್ಕೆ ಕಳಿಸಿ ಸೌದೆ ಉಳಿಸುವ ಅಸ್ತ್ರ ಒಲೆ ಮನೆಮಾತಾಯಿತಾದರೂ, ಆವರಣಗಳ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಬೆಳೆಸಿದ ಮಣ್ಣಿನ ಇಟ್ಟಿಗೆಯ ತಂತ್ರ. ಸ್ಥಳದ ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಮಾಡುವ ಈ ಇಟ್ಟಿಗೆಯನ್ನು ಗೂಡಿನಲ್ಲಿ ಸುಡಬೇಕಿಲ್ಲವಾದ್ದರಿಂದ ಗೋಡೆಗೆ ತಗಲುವ ಇಂಧನ ಬಹಳಷ್ಟು ಉಳಿಯುತ್ತದೆ. ಹಳ್ಳಿಗಾಗಿ ಹುಟ್ಟಿದ್ದೆಂಬ ಒಂದೇ ಕಾರಣಕ್ಕೆ ಇದನ್ನು ಬಡವರ ತಂತ್ರವೆಂದು ಬಗೆದ ಕಟ್ಟಡ ವಿಭಾಗಗಳು ಕಾಂಕ್ರೀಟು, ಗಾಜುಗಳತ್ತ ಸರಿದದ್ದು ಈ ಚರಿತ್ರೆಯ ದೊಡ್ಡ ನಷ್ಟ. ಬಿ. ವಿ. ದೋಶಿ ಅವರು ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಗೆ ವಿನ್ಯಾಸಗೊಳಿಸಿದ ಕಲ್ಲುಗೋಡೆ, ಬಳ್ಳಿ ಹಬ್ಬಿದ ಓಣಿ, ತೆರೆದ ಅಂಗಳಗಳ ಕಟ್ಟಡವೂ ಬೇರೊಂದು ದಾರಿಯಿಂದ ಇದೇ ವಿವೇಕಕ್ಕೆ ತಲುಪಿತ್ತು; ಅದನ್ನು ಹೊಗಳಿದವರು ಅನೇಕರು, ಅನುಸರಿಸಿದವರು ವಿರಳ.

ನೀರಿನ ವಿಷಯದಲ್ಲಿ ಇದೇ ಪರಂಪರೆಯನ್ನು ಮುಂದುವರಿಸಿದ್ದು ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮಳೆನೀರು ಸಂಗ್ರಹದ ಕೆಲಸ. ಸಾವಿರ ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು ಎಂಬ ಸರಳ ಗಣಿತದಂತೆ, ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ ಕಾಣುವ ಬೆಂಗಳೂರಿನಲ್ಲಿ ಅಂಥ ಒಂದು ಚಾವಣಿ ಸೋರಿಹೋಗುವುದನ್ನು ಕಳೆದರೂ ಹಲವು ಲಕ್ಷ ಲೀಟರ್ ಕೊಡಬಲ್ಲದು.

ಬಳಿಕ ಬಂದದ್ದು ಅಂಕಗಳ ಕಾಲ. ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಾಂಕನಕ್ಕಾಗಿ 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಹಸಿರು ಲೆಕ್ಕಪರಿಶೋಧನೆಯನ್ನು, ಎಂದರೆ ಆವರಣದ ನೀರು, ವಿದ್ಯುತ್ತು, ಕಸಗಳ ತಪಾಸಣೆಯನ್ನು, ಕ್ರಮೇಣ ತನ್ನ ಮಾನದಂಡಗಳೊಳಗೆ ತಂದಿತು. 2010ರಿಂದ ಇಂಡೋನೇಷ್ಯಾ ವಿಶ್ವವಿದ್ಯಾಲಯದ ಗ್ರೀನ್‌ಮೆಟ್ರಿಕ್ ಶ್ರೇಯಾಂಕವೂ ಜೊತೆಗೂಡಿತು. ಸೌರಫಲಕಗಳು ಹೆಚ್ಚಿದ್ದು ನಿಜವಾದ ಲಾಭವೇ ಆದರೂ, ಸಸಿ ನೆಟ್ಟ ಛಾಯಾಚಿತ್ರಕ್ಕೆ ದೊರೆಯುವ ಮನ್ನಣೆ ಆ ಸಸಿ ಮೂರನೆಯ ಬೇಸಿಗೆಯನ್ನು ದಾಟಿತೇ ಎಂಬ ಪ್ರಶ್ನೆಗೆ ದೊರೆಯುವುದಿಲ್ಲ.

ಹಾಸ್ಟೆಲುಗಳ ಅಡುಗೆಮನೆಯ ಇಂಧನ, ಕೊಳವೆಬಾವಿಗಳ ವರ್ಷದಿಂದ ವರ್ಷದ ಮಟ್ಟ, ಬೆಂಗಳೂರು ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಯ ಬದಿಯಲ್ಲಿ ನಗರದ ಕೊಳೆ ಹೊತ್ತು ಹರಿಯುವ ವೃಷಭಾವತಿಯಂಥ ಹೊಳೆಗಳೊಡನೆ ಆವರಣಕ್ಕಿರುವ ಸಂಬಂಧ, ಇವುಗಳ ಬಗೆಗೆ ಕನ್ನಡದಲ್ಲಿ ದೀರ್ಘಕಾಲದ ಅಧ್ಯಯನಗಳು ಬೆಳೆಯಬೇಕಿದೆ. ಅವುಗಳಿಗೆ ಬೇಕಾದ ಮಾಹಿತಿ ಪರಿಸರ ವಿಭಾಗಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಪಂಪು ನಡೆಸುವವರ, ತೋಟದ ಮಾಲಿಗಳ, ಮೆಸ್ಸಿನ ಉಗ್ರಾಣ ನೋಡಿಕೊಳ್ಳುವವರ ದಿನವಹಿಗಳಲ್ಲಿದೆ.