ಅಜ್ಜಿಯ ಜೇನುಬಾಟಲಿ

ನಮ್ಮ ಮಂಡ್ಯ ಕಡೆಯವರಿಗೆ ಸಕ್ಕರೆ ಅಂದರೆ ಎರಡು. ಒಂದು ಕಾರ್ಖಾನೆಯದು, ಇನ್ನೊಂದು ರಕ್ತಪರೀಕ್ಷೆಯ ಚೀಟಿಯದು. "ಸಕ್ಕರೆ ಎಷ್ಟಿದೆ?" ಎಂದು ಯಾರಾದರೂ ಕೇಳಿದರೆ ಡಬ್ಬದ್ದೋ ಮೈಯದ್ದೋ ಎಂದು ಒಂದು ಗಳಿಗೆ ಯೋಚಿಸಬೇಕು.

ತಾತನ ಕಾಲಕ್ಕೆ ಹೀಗಿರಲಿಲ್ಲ. ಮದ್ದೂರಿನ ಹತ್ತಿರದ ನಮ್ಮೂರಿನಲ್ಲಿ ಮಳೆ ನಂಬಿದ ರಾಗಿ, ಹುರುಳಿ ಅಷ್ಟೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದು ನಿಂತು, ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಓಡಾಡಿದವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಊರೂರಿಗೆ ಆಲೆಮನೆಗಳಾದವು. ಅಪ್ಪ ಬೆಳೆದದ್ದು ಕೊಪ್ಪರಿಗೆಯ ಬಿಸಿಬೆಲ್ಲದ ವಾಸನೆಯಲ್ಲಿ.

1996ರಲ್ಲಿ ಅಪ್ಪನ ಅಂಗಾಲಿಗೆ ಕಬ್ಬಿನ ಕೂಳೆ ಚುಚ್ಚಿತು. ಕಾಯಿಲೆ ಬಂದು ಎಂಟು ವರ್ಷವಾಗಿತ್ತು. "ನೋವೇ ಇಲ್ಲ ಬುಡವ್ವ" ಅಂದರು. ಅಜ್ಜಿ ಮಳವಳ್ಳಿ ಕಡೆಯವಳು, ಅವಳ ತವರಿನಿಂದ ಬಂದ ತುಡುವೆ ಜೇನಿನ ಬಾಟಲಿ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ತೊಳೆದು, ಜೇನಿಗೆ ಅರಿಸಿನ ಕಲಸಿ ಕಟ್ಟಿದಳು. ಮೇಲೆ ಗಾಯ ಕೂಡಿಕೊಳ್ಳುತ್ತ ಬಂತು. ಅಪ್ಪ ಗದ್ದೆಗೆ ಹೋಗುವುದು ನಿಲ್ಲಿಸಲಿಲ್ಲ. ಮೂರನೆಯ ವಾರ ವಾಸನೆ ಬಂತು. ಮೈಸೂರಿನಲ್ಲಿ ಎರಡು ಬೆರಳು ತೆಗೆದರು.

"ನಿನ್ನ ಜೇನೇ ತಿಂದು ಹಾಕಿತು" ಎಂದು ಅಜ್ಜಿಗೆ ಅಂದವಳು ನಾನು. ಪಟ್ಟಣದಲ್ಲಿ ಓದಿದ ಮೊಮ್ಮಗಳು. ಅವಳು ಉತ್ತರ ಕೊಡಲಿಲ್ಲ. ಬಾಟಲಿಯನ್ನು ಅಟ್ಟದ ಮೇಲೆ ಇಟ್ಟಳು.

ಜೇನಿನ ವಿಷಯ ನಾನು ಓದಿದ್ದು ಬಹಳ ತಡವಾಗಿ. ಸುಶ್ರುತ ಸಂಹಿತೆ ವ್ರಣಕ್ಕೆ ಜೇನು ತುಪ್ಪ ಹೇಳುತ್ತದೆ. ಈಜಿಪ್ಟಿನವರೂ ಗಾಯಕ್ಕೆ ಅದನ್ನೇ ಕಟ್ಟುತ್ತಿದ್ದರು. ಜೇನಿರಲಿ, ಸಕ್ಕರೆಯಿರಲಿ, ನೀರನ್ನು ಹೀರಿಕೊಳ್ಳುತ್ತವೆ. ಉಪ್ಪಿನಕಾಯಿ ಕೆಡದ ಹಾಗೆ, ಆ ಬರದಲ್ಲಿ ಕ್ರಿಮಿ ಬದುಕದು. ಜೇನಿಗೆ ಗಾಯದ ಪಸೆ ತಾಕಿದರೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡೂ ಹುಟ್ಟುತ್ತದೆ. ನಮ್ಮ ಪಕ್ಕದ ಸೊಲ್ಲಾಪುರದಲ್ಲೇ ಡಾ. ಸುಬ್ರಹ್ಮಣ್ಯಂ ಎಂಬವರು ಸುಟ್ಟಗಾಯದ 104 ರೋಗಿಗಳಲ್ಲಿ ಜೇನನ್ನೂ ಬೆಳ್ಳಿಯ ಮುಲಾಮನ್ನೂ ಹೋಲಿಸಿ 1991ರಲ್ಲಿ ಬರೆದರು. ಜೇನಿಗೆ ಒಳ್ಳೆಯ ಅಂಕವೇ ಬಂತು. ಅರಿಸಿನಕ್ಕಂತೂ ಗಾಯ ಮಾಯಿಸುವ ಗುಣವಿದೆಯೆಂದು ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟು, ನಮ್ಮವರು ಜಗಳವಾಡಿದ ಮೇಲೆ 1997ರಲ್ಲಿ ರದ್ದು ಮಾಡಿದರು. ಅಜ್ಜಿಗೆ ಹೇಳಿದ್ದರೆ ನಗುತ್ತಿದ್ದಳು.

ಹಾಗೆಂದು ಬಾಟಲಿ ಇಳಿಸಲು ಹೊರಡಬೇಡಿ. ಆಸ್ಪತ್ರೆಯ ಜೇನನ್ನು ಗಾಮಾ ಕಿರಣದಿಂದ ಶುದ್ಧಿ ಮಾಡಿರುತ್ತಾರೆ. ಹುತ್ತದ ಜೇನಿನಲ್ಲಿ ಏನೇನು ಬೀಜಾಣುಗಳಿರುತ್ತವೋ. ಮಧುಮೇಹಿಗಳ ಪಾದಕ್ಕೆ ಜೇನು ಬೇಡ, ಅದರಿಂದ ಬೇಗ ಮಾಯುತ್ತದೆನ್ನಲು ಪುರಾವೆ ಸಾಲದು ಎಂದೇ ಅಂತರರಾಷ್ಟ್ರೀಯ ತಜ್ಞರ ಗುಂಪು 2023ರಲ್ಲಿ ಹೇಳಿದೆ.

ಅಪ್ಪನ ಬೆರಳು ತಿಂದದ್ದು ಬೇರೆ. ಇದನ್ನು ಹೇಳಿಕೊಟ್ಟವರು ಡಾ. ಪಾಲ್ ಬ್ರಾಂಡ್. 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲು ನೋಡಿದವರು. ರೋಗ ಕಾಲನ್ನು ಕೊಳೆಸುವುದಿಲ್ಲ, ನೋವು ತಿಳಿಯದ ಕಾಲಿನ ಮೇಲೆ ನಡೆದು ನಡೆದೇ ಹುಣ್ಣು ಮಾಯದೆ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ಪ್ಲಾಸ್ಟರ್ ಹಾಕಿ ಭಾರ ತಪ್ಪಿಸಿದರು, ಮೆತ್ತನೆ ರಬ್ಬರಿನ ಚಪ್ಪಲಿ ಮಾಡಿಸಿದರು. 1966ರಲ್ಲಿ ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಅದೇ ಪಾಠ ಮಧುಮೇಹಿಗಳ ಪಾದಕ್ಕೂ ಬಂತು.

"ನೋವೇ ಇಲ್ಲ ಬುಡವ್ವ." ನಾವು ಹೆದರಬೇಕಾಗಿದ್ದ ಮಾತು ಅದೊಂದೇ. ಕೇಳಿ ನಿರಾಳವಾಗಿ ಬಸ್ಸು ಹತ್ತಿ ಮಂಡ್ಯಕ್ಕೆ ಬಂದವಳು ನಾನೇ.

ನನಗೂ ಈಗ ಸಕ್ಕರೆ ಕಾಯಿಲೆ. ರಾತ್ರಿ ಮಲಗುವ ಮುಂಚೆ ಕೈಗನ್ನಡಿ ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳುತ್ತೇನೆ. ಅಜ್ಜಿ ಹೋದ ಮೇಲೆ ಅಟ್ಟ ಗುಡಿಸುವಾಗ ಬಾಟಲಿ ಸಿಕ್ಕಿತು. ಮುಚ್ಚಳ ಬಿಗಿಯಾಗಿತ್ತು. ತಳದಲ್ಲಿ ಜೇನು ಸಕ್ಕರೆಯಾಗಿ ಹರಳುಗಟ್ಟಿತ್ತು, ಒಂದಿಷ್ಟೂ ಕೆಟ್ಟಿರಲಿಲ್ಲ.